ಮೂರನೆಯ ಖಾಲಿ

ಹನ್ನೊಂದನೆಯ ಪ್ರಶ್ನೆಗೆ ಬರುವವರೆಗೆ ಎಲ್ಲವೂ ಸಲೀಸಾಗಿಯೇ ನಡೆದಿತ್ತು.

ಇನ್ಶೂರೆನ್ಸ್ ಏಜೆಂಟ್ ನನ್ನ ಹಳೆಯ ವಿದ್ಯಾರ್ಥಿ. ಪಿಯುಸಿಯಲ್ಲಿ ಎರಡು ವರ್ಷ ನನ್ನ ಫಿಸಿಕ್ಸ್ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂತು ಸುಖವಾಗಿ ನಿದ್ದೆ ಹೊಡೆದವನು. ಈಗ ಅರ್ಧ ತಲೆ ಬೋಳಾಗಿದೆ, ಎರಡು ಮಕ್ಕಳ ತಂದೆ. ಆದರೂ ನನ್ನನ್ನು ಕಂಡರೆ ಎದ್ದು ನಿಂತು 'ಮಿಸ್' ಅನ್ನುತ್ತಾನೆ. ಯಾದವಗಿರಿಯ ನಮ್ಮ ಮನೆಯ ಹಜಾರದಲ್ಲಿ ಕೂತು, ಕಾಫಿ ಲೋಟವನ್ನು ಫಾರಂ ಮೇಲೆಯೇ ಇಟ್ಟು ಉಂಗುರದಂಥ ಕಲೆ ಮಾಡಿ, ಅದಕ್ಕೆ ನನ್ನಿಂದ ಬೈಸಿಕೊಂಡು, ಒಂದೊಂದೇ ಕಾಲಂ ತುಂಬುತ್ತಿದ್ದ. ಕೋವಿಗಳು ಎಷ್ಟು? ನಾಲ್ಕು. ಲೈಸೆನ್ಸ್ ಯಾರ ಹೆಸರಿನಲ್ಲಿ? ಒಬ್ಬರಿಗೆ ಎರಡೇ ಎಂಬ ಕಾನೂನಿರುವುದರಿಂದ ಎರಡು ನನ್ನವು, ಎರಡು ನನ್ನ ಯಜಮಾನರವು. ಎಲ್ಲಿ ಇಡುತ್ತೀರಿ? ಪಡುವಣ ಕೋಣೆಯ ಉಕ್ಕಿನ ಬೀರುವಿನಲ್ಲಿ. ಬೀಗ? ಎರಡು.

"ಹನ್ನೊಂದು. ಈ ಆಯುಧಗಳಲ್ಲಿ ಯಾವುದಾದರೂ ಹಿಂದೆ ಅಪಘಾತಕ್ಕೆ ಕಾರಣವಾಗಿದೆಯೇ? ಹೌದಾದರೆ ಕಾರಣ ಸಹಿತ ವಿವರ," ಎಂದು ಓದಿ, ನನ್ನ ಉತ್ತರಕ್ಕೂ ಕಾಯದೆ 'ಇಲ್ಲ' ಎಂದು ಬರೆಯಹೊರಟ.

"ಬರೀಬೇಡ," ಅಂದೆ.

ಅವನ ಪೆನ್ನು ನಿಂತಿತು. ನನ್ನ ದನಿ ಕ್ಲಾಸಿನ ದನಿಯಾಗಿತ್ತೆಂದು ಕಾಣುತ್ತದೆ. "ಆಗಿದ್ಯಾ ಮಿಸ್?" ಎಂದು ಮೆಲ್ಲಗೆ ಕೇಳಿದ. "ಆಗಿದ್ರೆ ಹೇಳ್ಬುಡಿ, ಸುಳ್ಳು ಬರೆದ್ರೆ ನಾಳೆ ಪಾಲಿಸಿ ನಿಲ್ಲಲ್ಲ." ಆಮೇಲೆ ನನ್ನ ಮುಖ ನೋಡಿ, ಆ ಕಾಲಂ ಖಾಲಿ ಬಿಟ್ಟು, ಗುರುವಾರ ಬೆಲೆಕಟ್ಟುವವರನ್ನು ಕರೆದುಕೊಂಡು ಬರುತ್ತೇನೆಂದು ಹೇಳಿ ಎದ್ದ. ಗೇಟಿನವರೆಗೆ ಹೋದವನು ತಿರುಗಿ, "ಮಿಸ್, ಆ ಕೋವಿಗಳ ಬಗ್ಗೆ ಗೊತ್ತಿರೋರು ಮನೇಲಿ ಯಾರಾದ್ರೂ ಇದ್ರೆ ಅವತ್ತು ಇರ್ಲಿ. ತೆಗೆದು ತೋರಿಸ್ಬೇಕಾಗುತ್ತೆ," ಅಂದ.

ಗೊತ್ತಿರುವವರು ಒಬ್ಬರೇ ಇದ್ದರು. ಅವರು ಆ ಕೋಣೆಗೆ ಕಾಲಿಟ್ಟು ಐವತ್ತು ವರ್ಷ ಕಳೆದಿತ್ತು. ಇಡದಿರಲು ಕಾರಣ ನಾನು, ಮತ್ತು ಅದು ನನಗೆ ಮಾತ್ರ ಗೊತ್ತಿತ್ತು.

ಇನ್ಶೂರೆನ್ಸ್ ಹುಚ್ಚು ನನಗೆ ಹತ್ತಿದ್ದು ಎರಡು ಕಾರಣಕ್ಕೆ. ಪಕ್ಕದ ರಸ್ತೆಯಲ್ಲಿ ಹಗಲು ಹೊತ್ತೇ ಒಂದು ಮನೆಗೆ ಕಳ್ಳರು ನುಗ್ಗಿದ್ದರು. ಕೋವಿ ಕಳುವಾದರೆ ಹೋದದ್ದು ಹೋಯಿತು ಅನ್ನುವಂತಿಲ್ಲ; ಅದು ಯಾರ ಕೈಗೆ ಸೇರಿತು ಎಂಬ ಯೋಚನೆಯಲ್ಲೇ ಉಳಿದ ಆಯುಷ್ಯ ಕಳೆಯಬೇಕು. ಇನ್ನೊಂದು, ಚುನಾವಣೆ. ಚುನಾವಣೆ ಬಂದಾಗಲೆಲ್ಲ ನಮ್ಮಂಥವರು ಕೋವಿಗಳನ್ನು ಸ್ಟೇಷನ್ನಿಗೆ ಒಪ್ಪಿಸಿ, ರಸೀತಿ ಪಡೆದು, ಎಲ್ಲ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಕಳೆದ ಸಲ ನಾನೂ ಯಜಮಾನರೂ ನಾಲ್ಕು ಕೋವಿಗಳನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ಬರುವಾಗ ಆಟೋ ರಸ್ತೆಯ ಹಂಪಿನ ಮೇಲೆ ಹಾರಿ, ಒಂದರ ಮರದ ಹಿಡಿ ಬಿರುಕು ಬಿಟ್ಟಿತು. ಆಟೋದವನು ಕನ್ನಡಿಯಲ್ಲಿ ನಮ್ಮ ಮಡಿಲನ್ನೇ ನೋಡುತ್ತ ಓಡಿಸುತ್ತಿದ್ದುದರಿಂದ ಹಂಪು ಕಂಡಿರಲಿಲ್ಲ. ಅವನನ್ನು ಬಯ್ಯಲು ನನಗೂ ಮನಸ್ಸಾಗಲಿಲ್ಲ.

ಮಾರಿಬಿಡಿ ಅಂತ ಎಲ್ಲರೂ ಹೇಳಿದರು. ನಾನು ಹಟಮಾರಿ, ಒಪ್ಪಲಿಲ್ಲ. ಈ ಕೋವಿಗಳು ತಾತನ ಕಾಲದವು. ಕಡಕೊಳದ ಆಚೆ ನಮಗೆ ಹೊಲವಿತ್ತು. ರಾಗಿ ತೆನೆಗಟ್ಟುವ ಹೊತ್ತಿಗೆ ಹಂದಿಗಳು ಹಿಂಡುಹಿಂಡಾಗಿ ಬರುತ್ತಿದ್ದವಂತೆ. ಹೊಲ ಈಗ ಯಾವುದೋ ಕಾರ್ಖಾನೆಯ ಕಾಂಪೌಂಡಿನೊಳಗಿದೆ. ಹಂದಿಗಳು ಎಲ್ಲಿ ಹೋದವೋ ತಿಳಿಯದು. ಕೋವಿಗಳು ಮಾತ್ರ ಉಳಿದಿವೆ.

ತಾತ ಮನೆಗೊಂದು ಪದ್ಧತಿ ಮಾಡಿಟ್ಟಿದ್ದರು. ಹೊರಗೆ ತೆಗೆದ ಯಾವ ಕೋವಿಯೂ ಮೂವರು ನೋಡದೆ ಮತ್ತೆ ಜಾಗಕ್ಕೆ ಹೋಗಬಾರದು. ಮೊದಲನೆಯವರು ಕೋವಿಯನ್ನು ನಡುವೆ ಬಗ್ಗಿಸಿ ತೆರೆದು, ಒಳಗೆ ನೋಡಿ, ಜೋರಾಗಿ "ಖಾಲಿ" ಅನ್ನಬೇಕು. ಆಮೇಲೆ ಎರಡನೆಯವರು. ಮೂರನೆಯದು ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು, ಏಕೆಂದರೆ ಚಿಕ್ಕವರ ಕಣ್ಣು ಚುರುಕು, ಬಾಯಲ್ಲಿ ಸುಳ್ಳಿರುವುದಿಲ್ಲ. ಮೂರು ಖಾಲಿ ಕೇಳಿದ ಮೇಲೆ ಕೋವಿ ಮುಚ್ಚಿ, ಒಳಗಿನ ಸ್ಪ್ರಿಂಗ್ ಬಿಗಿಯಾಗಿ ಕೂರದಿರಲೆಂದು ಒಂದು ಸಲ ಟ್ರಿಗರ್ ಎಳೆದು, ಆಮೇಲೆ ಇಡಬೇಕು. ತಾತ ಹೋದ ಮೇಲೂ ಇದು ನಡೆದುಕೊಂಡು ಬಂತು. ನಮ್ಮ ಮನೆಯಲ್ಲಿ ದೇವರ ದೀಪ ಒಂದು ದಿನ ತಪ್ಪಿದರೂ ಈ ಮೂರು ಖಾಲಿ ತಪ್ಪುತ್ತಿರಲಿಲ್ಲ. ಮೊದಲನೆಯವರು ಅಪ್ಪ. ಎರಡನೆಯವರು ಅಪ್ಪನ ತಮ್ಮ, ನನ್ನ ಚಿಕ್ಕಪ್ಪ. ಮೂರನೆಯವಳು ನಾನು.

ನಾಲ್ಕರಲ್ಲಿ ಒಂದು ಜೋಡುನಳಿಗೆಯದು. ಅದರ ಕೀಲು ಬಿಗಿ. ಮೊಣಕಾಲಿಗೆ ಕೊಟ್ಟು ಒತ್ತಿದರೆ ಮಾತ್ರ ಪೂರ್ತಿ ಬಾಗುತ್ತಿತ್ತು. ಸುಮ್ಮನೆ ಬಗ್ಗಿಸಿದರೆ ಎರಡು ಬೆರಳಿನಷ್ಟು ಸಂದಿ ಬಿಡುತ್ತಿತ್ತು, ಅಷ್ಟೇ. ಆ ಸಂದಿಗೆ ಕಣ್ಣಿಟ್ಟು ನೋಡಬೇಕು.

ನನಗೆ ಆ ಸಂದಿ ಕಂಡರೆ ಜೀವ ಹಾರುತ್ತಿತ್ತು. ಅದಕ್ಕೆ ಕಾರಣ ನನ್ನ ಅತ್ತೆ. ಅಪ್ಪನಿಗೂ ಚಿಕ್ಕಪ್ಪನಿಗೂ ಒಬ್ಬಳೇ ತಂಗಿ, ಹತ್ತೊಂಬತ್ತರ ಹುಡುಗಿ, ನನಗೆ ಜಡೆ ಹಾಕುವವಳು, ಜಡೆ ಹಾಕುವಾಗ ಇಲ್ಲದ ಕಥೆ ಕಟ್ಟಿ ನನ್ನನ್ನು ಹೆದರಿಸಿ ನಗುವವಳು. ಒಂದು ದಿನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದ್ದಳು: "ಆ ಸಂದೀಲಿ ಕಣ್ಣಿಟ್ಟು ನೋಡ್ತೀಯಲ್ಲ, ಆ ಕೊನೆಯಿಂದ ಇನ್ನೊಂದು ಕಣ್ಣು ನಿನ್ನ ನೋಡ್ತಿರುತ್ತೆ ಕಣೇ. ಅದ್ರಲ್ಲಿ ಸತ್ತೋವೆಲ್ಲ ಸರದಿ ಮೇಲೆ ಬಂದು ನೋಡ್ತವೆ." ಅವಳು ಹೇಳಿದ್ದು ಹಂದಿಗಳ ಬಗ್ಗೆ. ಅವತ್ತಿನಿಂದ ಆ ಕೋವಿ ನನ್ನ ಮುಖದ ಹತ್ತಿರ ಬಂದರೆ ನಾನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು "ಖಾಲಿ" ಅನ್ನುತ್ತಿದ್ದೆ. ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆ ಒಂದು ವರ್ಷ ನಡೆಯಿತು.

ನನಗೆ ಒಂಬತ್ತು ವರ್ಷ. ಆಯುಧಪೂಜೆಯ ದಿನ, ಸಂಜೆಯ ನಾಲ್ಕು ಗಂಟೆ ದಾಟಿತ್ತು. ಪಡುವಣ ಕೋಣೆಯ ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ಮಣೆಯ ಮೇಲೆ ಕೆಂಪು ಬಟ್ಟೆ, ಕುಂಕುಮದ ಬಟ್ಟಲು, ಗಂಧದಕಡ್ಡಿಯ ಹೊಗೆ, ಕೋವಿಗೆ ಹಚ್ಚಿದ ಎಣ್ಣೆಯ ವಾಸನೆ. ಅತ್ತೆ ಹೊಸ್ತಿಲ ಮೇಲೆ ಕೂತು ಮಡಿಲ ತುಂಬ ಚೆಂಡುಹೂ ಹಾಕಿಕೊಂಡು ಪೋಣಿಸುತ್ತಿದ್ದಳು. ಮೂರು ಕೋವಿ ಮುಗಿದವು. ಜೋಡುನಳಿಗೆಯದು ಬಂತು.

"ಖಾಲಿ," ಅಪ್ಪ ಅಂದರು.

"ಖಾಲಿ," ಚಿಕ್ಕಪ್ಪ ಅಂದರು. ಅಂದು, ಸಂದಿಯನ್ನು ನನ್ನ ಕಣ್ಣಿಗೆ ಹಿಡಿದರು. ಹೊಸ್ತಿಲ ಮೇಲಿಂದ ಅತ್ತೆ ನನ್ನನ್ನೇ ನೋಡಿ ಒಂದು ಕಣ್ಣು ದೊಡ್ಡದು ಮಾಡಿ ಅಣಕಿಸುತ್ತಿದ್ದಳು. ನಾನು ಕಣ್ಣು ಮುಚ್ಚಿದೆ.

"ಖಾಲಿ," ಅಂದೆ.

ಸದ್ದು ನನಗೆ ನೆನಪಿಲ್ಲ. ನೆನಪಿರುವುದು ಅದರ ಆಮೇಲಿನ ನಿಶ್ಶಬ್ದ. ಅದರೊಳಗೆ ಅಡುಗೆಮನೆಯಿಂದ ಅಮ್ಮ "ಏನದು ಬಿದ್ದದ್ದು?" ಎಂದು ಕೇಳಿದ್ದು. ಚೆಂಡುಹೂಗಳು ಹೊಸ್ತಿಲು ದಾಟಿ ಹಜಾರದವರೆಗೆ ಉರುಳಿಹೋಗಿದ್ದವು.

ಆ ರಾತ್ರಿಯೊಳಗೆ ಪೊಲೀಸರು ಬಂದರು. ಮೀಸೆಯ ಸಾಹೇಬರೊಬ್ಬರು ನನ್ನನ್ನು ಹತ್ತಿರ ಕರೆದು, ಒಳ್ಳೆಯ ಮಾತಿನಲ್ಲೇ ಕೇಳಿದರು: "ನೀನು ನೋಡಿದ್ಯಾ ಮಗು?"

"ನೋಡ್ದೆ."

"ಖಾಲಿ ಇತ್ತಾ?"

"ಖಾಲಿ ಇತ್ತು."

ಇಷ್ಟೇ. ಆಮೇಲೆ ಲೆಕ್ಕ ಸುಲಭವಾಯಿತು. ಅಪ್ಪ ನೋಡಿದ್ದಾರೆ, ಮಗು ನೋಡಿದೆ, ಎರಡೂ ಸಲ ಕೋವಿ ಖಾಲಿ. ಮಗು ಯಾಕೆ ಸುಳ್ಳು ಹೇಳುತ್ತದೆ? ಅಂದಮೇಲೆ ಕಾಡತೂಸು ಆಮೇಲೆ ಒಳಗೆ ಹೋಗಿರಬೇಕು. ಕೊನೆಗೆ ಕೋವಿ ಇದ್ದದ್ದು ಚಿಕ್ಕಪ್ಪನ ಕೈಯಲ್ಲಿ, ಮುಚ್ಚಿ ಟ್ರಿಗರ್ ಎಳೆದದ್ದೂ ಅವರೇ. ಮರುದಿನ ಹೊಲಕ್ಕೆ ಹೋಗಲೆಂದು ಇಟ್ಟುಕೊಂಡಿದ್ದ ಎರಡು ಕಾಡತೂಸು ಅವರ ಜೇಬಿನಲ್ಲೇ ಸಿಕ್ಕವು. ತಂಗಿಯನ್ನು ಹೆದರಿಸಲು ಹುಡುಗಾಟಕ್ಕೆ ಹಾಕಿದ, ಕೈಮೀರಿತು ಎಂದು ಮನೆಯವರೂ ನೆಂಟರೂ ಬೀದಿಯವರೂ ತೀರ್ಮಾನಿಸಿದರು. ಕೋರ್ಟು ಎಚ್ಚರಗೇಡಿತನ ಎಂದಿತು. ಚಿಕ್ಕಪ್ಪ "ನಾನು ಹಾಕಲಿಲ್ಲ" ಎಂದು ಕೆಲವು ದಿನ ಹೇಳಿದರು, ಆಮೇಲೆ ಹೇಳುವುದನ್ನು ಬಿಟ್ಟರು. ನಿಶ್ಚಯವಾಗಿದ್ದ ಹೆಣ್ಣಿನ ಕಡೆಯವರು ತಾಂಬೂಲ ವಾಪಸ್ ಕಳಿಸಿದರು. ಚಿಕ್ಕಪ್ಪ ನಜರ್‌ಬಾದಿನಲ್ಲಿ ಒಂದು ಕೋಣೆ ಹಿಡಿದು, ರೇಡಿಯೋ ರಿಪೇರಿ ಮಾಡುತ್ತ ಅಲ್ಲೇ ಮುದುಕರಾದರು. ಹಬ್ಬಕ್ಕೆ ಕರೆದರೆ ಬಂದು, ಜಗಲಿಯಲ್ಲೇ ಕೂತು, ಕಾಫಿ ಕುಡಿದು ಹೋಗುತ್ತಿದ್ದರು.

ಹೇಳಿಬಿಡಬೇಕೆಂದು ನಾನು ಎಷ್ಟು ಸಲ ಹೊರಟೆನೋ. ಹೇಳಿದರೆ ಅತ್ತೆಯ ಕಥೆಯನ್ನೂ ಹೇಳಬೇಕು. ಅವಳ ಸಾವಿಗೆ ಅವಳ ತಮಾಷೆಯೇ ಕಾರಣ ಅಂದಂತಾಗುತ್ತದೆ ಎಂದು ನನಗೆ ನಾನೇ ನೆಪ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನಾನು ಹೆದರುಪುಕ್ಕಲಿ. ಮೂವತ್ತು ವರ್ಷ ಮಕ್ಕಳಿಗೆ ಕಣ್ಣಿನಿಂದ ನೋಡದೆ ರೀಡಿಂಗ್ ಬರೆಯಬೇಡಿ ಎಂದು ಲ್ಯಾಬಿನಲ್ಲಿ ಕಿರುಚಿದವಳು ನಾನು. ಹಾಗೆ ಕಿರುಚುವಾಗೆಲ್ಲ ನಾಚಿಕೆಯಾಗುತ್ತಿತ್ತು.

ಅಪ್ಪನ ವಿಚಾರ ಇನ್ನೂ ವಿಚಿತ್ರ. ಕೇಸು ಮುಗಿದ ಮೇಲೆ ಆ ಕೋವಿಯನ್ನು ಅವರೇ ಅರ್ಜಿ ಹಾಕಿ ಬಿಡಿಸಿಕೊಂಡು ಬಂದರು. ಅಮ್ಮ ಮೂರು ದಿನ ಊಟ ಬಿಟ್ಟರು. ಅಪ್ಪ ಒಂದು ಮಾತೂ ಆಡದೆ ಅದಕ್ಕೆ ಖಾಕಿ ಬಟ್ಟೆಯ ಚೀಲ ಹೊಲಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಂದಿನಿಂದ ಆಯುಧಪೂಜೆ ಎಂದರೆ ಮುಚ್ಚಿದ ಬೀರುವಿನ ಬಾಗಿಲಿಗೆ ಕುಂಕುಮ, ಅಷ್ಟೇ. ಆದರೆ ಅಪ್ಪ ದಿನವೂ ನಾಲ್ಕು ಗಂಟೆಗೆ ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂರುತ್ತಿದ್ದರು. ಒಳಗಿನಿಂದ ಕೆಮ್ಮು ಕೂಡ ಕೇಳುತ್ತಿರಲಿಲ್ಲ. ಏನು ಮಾಡುತ್ತೀರಿ ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಎರಡು ವರ್ಷದ ಹಿಂದೆ ಅಪ್ಪ ಹೋದರು. ಕೋವಿಗಳು ನಮ್ಮ ಹೆಸರಿಗೆ ಬಂದವು. ವರ್ಗಾವಣೆಯ ಹೊತ್ತಿನಲ್ಲಿ ಬಂದವರು ಮೇಲಿನ ನಂಬರನ್ನು ಪುಸ್ತಕದ ನಂಬರಿಗೆ ಹೊಂದಿಸಿ ನೋಡಿ ಸಹಿ ಹಾಕಿದರು. ಖಾಕಿ ಚೀಲದ ಕೋವಿಯನ್ನು ಬಾಯಿಯವರೆಗೆ ಎಳೆದು ನಂಬರ್ ತೋರಿಸಿ ಮತ್ತೆ ಒಳಗೆ ತಳ್ಳಿದವಳು ನಾನೇ. ಸ್ಟೇಷನ್ನಿಗೆ ಒಯ್ದಾಗಲೂ ಅಷ್ಟೇ. ಒಳಗೆ ನೋಡಲಿಲ್ಲ.

ಸದ್ದು ಶುರುವಾದದ್ದು ಅಪ್ಪನ ತಿಥಿ ಮುಗಿದ ವಾರದಲ್ಲಿ. ಸಂಜೆ ನಾಲ್ಕು ದಾಟಿ, ಬಿಸಿಲು ಪಡುವಣ ಕಿಟಕಿಯಿಂದ ಜಾರುವ ಹೊತ್ತಿಗೆ ಬೀರು 'ಟಕ್' ಅನ್ನುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು 'ಟಕ್'. ಬಿಸಿಯಾದ ಉಕ್ಕು ತಣಿಯುವಾಗ ಕುಗ್ಗುತ್ತದೆ, ಕುಗ್ಗುವಾಗ ಸದ್ದು ಮಾಡುತ್ತದೆ. ಇದನ್ನು ನಾನೇ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೇನೆ. ಯಜಮಾನರಿಗೂ ಹಾಗೆಯೇ ಹೇಳಿದೆ. ಅವರು "ಓಹೋ" ಅಂದು ಪೇಪರ್ ಓದಿದರು. ಆದರೆ ಮೋಡ ಕವಿದು ಬಿಸಿಲೇ ಬೀಳದ ದಿನವೂ ಎರಡು ಸಲ. ಎಂದೂ ಒಂದಲ್ಲ, ಎಂದೂ ಮೂರಲ್ಲ. ಎರಡನೆಯದಾದ ಮೇಲೆ ಮನೆಯೆಲ್ಲ ಉಸಿರು ಹಿಡಿದು ಯಾರಿಗೋ ಕಾಯುವಂತೆ ಇರುತ್ತಿತ್ತು. ಹಾಗೆ ಕಾಯುವಾಗ ಒಂದು ದಿನ ಅಡುಗೆಮನೆಯಲ್ಲಿ ನಿಂತಿದ್ದ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಏನು ಹೇಳಹೊರಟಿದ್ದೆನೆಂದು ನನಗೆ ಗೊತ್ತಿತ್ತು. ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಿಲಿಗೆ ಹೋಗಿ ನಿಂತೆ. ಅವತ್ತಿನಿಂದ ನಾಲ್ಕು ಗಂಟೆಗೆ ನಾನು ಮನೆಯಲ್ಲಿರುತ್ತಿರಲಿಲ್ಲ. ತರಕಾರಿ ಬೇಡದಿದ್ದರೂ ತರಕಾರಿಗೆ ಹೋಗುತ್ತಿದ್ದೆ.

ಗುರುವಾರ ಚಿಕ್ಕಪ್ಪ ಬಂದರು. ಎಪ್ಪತ್ತೈದರ ಮೇಲಾಗಿದೆ, ಸಣ್ಣಗಾಗಿದ್ದಾರೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಫೋನಿನಲ್ಲಿ ಕೇಳಿದಾಗ ಬರುವುದಿಲ್ಲ ಎನ್ನುತ್ತಾರೆಂದು ಎಣಿಸಿದ್ದೆ. "ಕಾಗದದಲ್ಲಿ ಕಾರಣ ಕೇಳಿದ್ದಾರಾ?" ಎಂದು ಒಂದೇ ಪ್ರಶ್ನೆ ಕೇಳಿ, "ಹಂಗಾದ್ರೆ ಬತ್ತೀನಿ ಮಗ," ಅಂದಿದ್ದರು. ಅವತ್ತು ಬೀರು ತೆರೆಯುತ್ತೇವೆಂದು ತಿಳಿದು ನನ್ನ ಯಜಮಾನರು ಬ್ಯಾಂಕಿನಲ್ಲಿ ಏನೋ ಕೆಲಸವಿದೆಯೆಂದು ನೆಪ ಮಾಡಿಕೊಂಡು ಹೋಗಿದ್ದರು.

ಬೆಲೆಕಟ್ಟುವವರು ಕೋವಿ ಅಂಗಡಿ ನಡೆಸಿದ ಹಿರಿಯರು, ಮಾತು ಕಡಿಮೆ. "ಮನೆಯವರು ಮೊದಲು ತೆರೆದು ತೋರಿಸಿ, ಆಮೇಲೆ ನಾನು ಮುಟ್ಟೋದು," ಅಂದರು. ಚಿಕ್ಕಪ್ಪ ಹೊಸ್ತಿಲ ಹತ್ತಿರ ನಿಂತು ಕೆಳಗೆ ನೋಡಿದರು. ಅದನ್ನು ತುಳಿಯದೆ, ಅಗಲವಾಗಿ ಕಾಲೆತ್ತಿ, ದಾಟಿ ಒಳಗೆ ಬಂದರು.

ಮೊದಲ ಮೂರು ಕೋವಿಗಳನ್ನು ಚಿಕ್ಕಪ್ಪ ತೆರೆದು ನೋಡಿದರು, ಹಿರಿಯರು ನೋಡಿದರು. ನನ್ನನ್ನು ಯಾರೂ ಕರೆಯಲಿಲ್ಲ. ನಾನೇ ಕೈ ಚಾಚಿ ತೆಗೆದುಕೊಂಡು, ಕಿಟಕಿಯ ಕಡೆಗೆ ಹಿಡಿದು, ಎರಡೂ ಕಣ್ಣು ಬಿಟ್ಟು ನೋಡಿದೆ. ಆ ತುದಿಯಲ್ಲಿ ಬಿಳಿಯ ಬಿಲ್ಲೆಯಷ್ಟು ಬೆಳಕು ಕಂಡಿತು. ಅಷ್ಟೇ.

ನಾಲ್ಕನೆಯದನ್ನು ಚಿಕ್ಕಪ್ಪ ಖಾಕಿ ಚೀಲದಿಂದ ಎಳೆದರು. ಮೊಣಕಾಲಿಗೆ ಕೊಟ್ಟು ಒತ್ತಿ ಪೂರ್ತಿ ತೆರೆದರು. ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹಿರಿಯರು ತೆಗೆದುಕೊಂಡು ನೋಡಿ, "ಬೆಳಕು ಬರ್ತಿಲ್ಲವಲ್ಲ," ಅಂದು, ತಮ್ಮ ಚೀಲದಿಂದ ಉದ್ದದ ಕಡ್ಡಿ ತೆಗೆದು ನಳಿಗೆಯೊಳಗೆ ಇಳಿಸಿದರು. ಅರ್ಧಕ್ಕೇ ನಿಂತಿತು. ಇನ್ನೊಂದು ನಳಿಗೆಯಲ್ಲೂ ಅಷ್ಟೇ. ಕಡ್ಡಿಯ ತುದಿ ನೋಡಿ, ಉಗುರಿನಿಂದ ಕೆರೆದರು.

"ಸೀಸ. ಕಾಯಿಸಿ ಹುಯ್ದಿದ್ದಾರೆ. ಇವತ್ತು ನಿನ್ನೇದಲ್ಲ ಅಮ್ಮಾ, ಬಹಳ ವರ್ಷದ್ದು. ಇದು ಇನ್ನು ಕೋವಿ ಅಲ್ಲ, ಕಬ್ಬಿಣದ ದೊಣ್ಣೆ. ಇದಕ್ಕೆ ಪಾಲಿಸಿ ಬರಲ್ಲ," ಅಂದು, ಏಜೆಂಟನನ್ನು ಕರೆದುಕೊಂಡು ಬರೆಯಲು ಹಜಾರಕ್ಕೆ ಹೋದರು.

ಮನೆಯಲ್ಲಿ ಸೀಸ ಕಾಯಿಸಲು ಬರುತ್ತಿದ್ದದ್ದು ಅಪ್ಪನಿಗೆ ಮಾತ್ರ. ಹಂದಿಗೆ ಹೊಡೆಯುವ ಗುಂಡನ್ನು ತಾತನ ಜೊತೆ ಹಿತ್ತಿಲಲ್ಲಿ ಕೂತು ಅವರೇ ಮಾಡುತ್ತಿದ್ದರಂತೆ.

ಏಜೆಂಟ್ ಫಾರಂ ಹಿಡಿದು ಬಾಗಿಲಲ್ಲಿ ನಿಂತ. "ಮಿಸ್, ಆ ಹನ್ನೊಂದು…"

ಚಿಕ್ಕಪ್ಪ ಕುರ್ಚಿಯ ಅಂಚಿನಲ್ಲಿ ಕೂತು, ಕಂಠಪಾಠ ಒಪ್ಪಿಸುವವರಂತೆ ಹೇಳತೊಡಗಿದರು. "ಬರ್ಕೋ ಕಣಪ್ಪ. ನಾನೇ ಕಾಡತೂಸು ಹಾಕ್ದೆ, ನಾನೇ ಎಳೆದೆ. ಹಾಕಿದ್ದು ನಂಗೆ ನೆನಪಿಲ್ಲ. ಐವತ್ತು ವರ್ಷದಿಂದ ನೆನಪು ಮಾಡ್ಕೊಳ್ತಾನೇ ಇವ್ನಿ. ಆದ್ರೆ ಅಣ್ಣ ನೋಡಿದ್ರು, ಈ ಮಗ ನೋಡ್ತು, ಖಾಲಿ ಇತ್ತು ಅಂತು. ಅಂದ್ಮೇಲೆ ನಾನೇ ಹಾಕಿರ್ಬೇಕಲ್ಲ."

ಅಷ್ಟು ವರ್ಷ ನಾನು ತಿಳಿದಿದ್ದೇನೆಂದರೆ, ಜಗತ್ತೆಲ್ಲ ನಂಬದಿದ್ದರೂ ಚಿಕ್ಕಪ್ಪನಿಗಾದರೂ ತಾವು ಹಾಕಲಿಲ್ಲವೆಂದು ಗೊತ್ತಿರುತ್ತದೆ ಎಂದು. ಆ ಸಮಾಧಾನದಲ್ಲಿ ನಾನು ಊಟ ಮಾಡಿದ್ದೆ, ಮದುವೆಯಾಗಿದ್ದೆ, ಪಾಠ ಮಾಡಿದ್ದೆ. ನನ್ನ ಒಂದು ಮಾತು ಅವರ ತಲೆಯೊಳಗೇ ಹೊಕ್ಕು, ಮಾಡದಿದ್ದದ್ದನ್ನು ಮಾಡಿದೆನೆಂದು ಅವರಿಂದಲೇ ಒಪ್ಪಿಸಿಬಿಟ್ಟಿತ್ತು.

"ಚಿಕ್ಕಪ್ಪ, ನಾನು ನೋಡಿರ್ಲಿಲ್ಲ."

ಅವರು ತಲೆ ಎತ್ತಿದರು.

"ಕಣ್ಣು ಮುಚ್ಕೊಂಡಿದ್ದೆ. ಹೆದರಿಕೆಗೆ. ಪೊಲೀಸ್‌ನೋರಿಗೆ ಹೇಳಿದ್ದೂ ಸುಳ್ಳು."

ಏಜೆಂಟ್ ಪೆನ್ನು ಮುಚ್ಚಿ, ಸದ್ದಿಲ್ಲದೆ ಹಜಾರಕ್ಕೆ ಹಿಂತಿರುಗಿದ. ಚಿಕ್ಕಪ್ಪ ಆ ಕೋವಿಯ ಕಡೆಗೆ ತಿರುಗಿದರು. ಆಮೇಲೆ ತಮಗೆ ತಾವೇ ಎಂಬಂತೆ ಹೇಳಿದರು: "ನಾನೂ ನೋಡ್ಲಿಲ್ಲ. ಅಣ್ಣ ನೋಡಿದ್ರಲ್ಲ ಅಂತ. ಅವಳು ಹೊಸ್ತಿಲ ಮೇಲೆ ಏನೋ ಅಣಕಿಸ್ತಾ ಇದ್ಲು, ಅವಳನ್ನ ನೋಡಿ ನಗ್ತಾ ಖಾಲಿ ಅಂದ್ಬುಟ್ಟೆ." ಕೈಯನ್ನು ನಳಿಗೆಯ ಬಾಯಿಯ ಮೇಲೆ ಇಟ್ಟರು. "ಹಬ್ಬಕ್ಕೆ ಮುಂಚೆ ಇದನ್ನ ಹೊಲಕ್ಕೆ ತಗೊಂಡು ಹೋಗಿದ್ದು ಅಣ್ಣನೇ. ಹಂದಿ ಸಿಗಲಿಲ್ಲ ಅಂತ ವಾಪಸ್ ಬಂದ್ರು. ಹೆಂಗೂ ಪೂಜೇಲಿ ಮೂವರೂ ನೋಡ್ತೀವಲ್ಲ ಅಂತ ಹಂಗೇ ಇಟ್ರು."

ಸಿಗದ ಹಂದಿಗೆ ತುಂಬಿದ್ದು ಒಳಗೇ ಉಳಿದಿತ್ತು. ಅಪ್ಪನೂ ನೋಡದೆಯೇ ಖಾಲಿ ಅಂದಿದ್ದರು; ಸದ್ದಾದ ಕ್ಷಣದಿಂದ ಅವರಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಕೋವಿ ಬಿಡಿಸಿ ತಂದು, ಸೀಸ ಕಾಯಿಸಿ ಹುಯ್ದು, ದಿನಾ ನಾಲ್ಕು ಗಂಟೆಗೆ ಅದರ ಮುಂದೆ ಕೂತರು. ತಮ್ಮನ ಮುಂದೆ ಹೋಗಿ ಕೂರಲಿಲ್ಲ. ನನಗೆ ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಅವರ ಮಗಳೂ ಅದನ್ನೇ ಮಾಡಿದ್ದಳು.

ಚಿಕ್ಕಪ್ಪನಿಗೆ ಬಂತು. ಎದ್ದು ನಿಂತರು. ಅವರ ದನಿ ಏರಿದ್ದನ್ನು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ. "ಒಂಬತ್ತು ವರ್ಷಕ್ಕೆ ಹೇಳ್ಲಿಲ್ಲ, ಸರಿ, ಮಗು. ಇಪ್ಪತ್ತಕ್ಕೆ ಏನಾಗಿತ್ತು? ನಲವತ್ತಕ್ಕೆ? ಅಣ್ಣನ ತಿಥೀಲಿ ನನ್ನ ಪಕ್ಕದಲ್ಲೇ ಕೂತಿದ್ಯಲ್ಲಮ್ಮ, ಅವತ್ತು?"

ಅವರು ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಿ ಹೊರಟುಹೋದರು.

ಹನ್ನೊಂದನೆಯ ಕಾಲಂ ಅನ್ನು ನಾನೇ ಬರೆದೆ. ಮೂವರು ಪರೀಕ್ಷಿಸಿದ್ದೇವೆ ಎಂದು ಹೇಳಿದೆವು, ಮೂವರಲ್ಲಿ ಒಬ್ಬರೂ ನೋಡಿರಲಿಲ್ಲ, ಒಬ್ಬರು ತೀರಿಕೊಂಡರು, ತಾವು ಹಾಕದ ಕಾಡತೂಸಿನ ತಪ್ಪನ್ನು ಒಬ್ಬರೇ ಹೊತ್ತರು. ಏಜೆಂಟ್ ಓದಿ, "ಇಷ್ಟೆಲ್ಲ ಬೇಕಾಗಿರ್ಲಿಲ್ಲ ಮಿಸ್," ಅಂದ. "ಬೇಕು," ಅಂದೆ. ಮೂರು ಕೋವಿಗಳಿಗೆ ಪಾಲಿಸಿ ಬಂತು. ನಾಲ್ಕನೆಯದರ ಎದುರು ಒಂದು ಗೆರೆ ಎಳೆದಿದ್ದರು.

ಚಿಕ್ಕಪ್ಪ ಮೂರು ತಿಂಗಳು ನನ್ನ ಫೋನ್ ಎತ್ತಲಿಲ್ಲ. ನಜರ್‌ಬಾದಿಗೆ ಹೋದರೆ ಬಾಗಿಲು ತೆರೆಯಲಿಲ್ಲ. ಒಳಗೆ ರೇಡಿಯೋ ಹಾಡುತ್ತಿತ್ತು. ಬೀರುವಿನ ಸದ್ದು ಮಾತ್ರ ನಿಲ್ಲಲಿಲ್ಲ. ಹೇಳಿಬಿಟ್ಟರೆ ನಿಲ್ಲುತ್ತದೆಂದು ನಾನು ಪೆದ್ದಿಯಂತೆ ನಂಬಿದ್ದೆ.

ಆಯುಧಪೂಜೆಯ ದಿನ ಮೂರೂವರೆಗೆ ಗೇಟು ತೆರೆದ ಸದ್ದಾಯಿತು. ಚಿಕ್ಕಪ್ಪ. ಕೈಯಲ್ಲಿ ಎಲೆಯಲ್ಲಿ ಕಟ್ಟಿದ ಚೆಂಡುಹೂ. ನನ್ನ ಮುಖ ನೋಡದೆ ನೇರ ಒಳಗೆ ನಡೆದು, ಹೊಸ್ತಿಲ ಮೇಲೆ ಆ ಹೂಗಳನ್ನು ಸುರಿದರು. "ಮಣೆ ಹಾಕು," ಅಂದರು. ಹಾಕಿದೆ. ಬೀರು ತೆರೆದು ನಾಲ್ಕನ್ನೂ ಹೊರಗಿಟ್ಟೆವು. ಸರಳುಗಳ ನೆರಳು ನೆಲದ ಮೇಲೆ ಉದ್ದವಾಗುತ್ತ ಬಂದು ನಮ್ಮ ಕಾಲು ಮುಟ್ಟಿತು.

ಬೀರು ಖಾಲಿಯಾಗಿ, ಬಾಗಿಲು ಹಾರುಹೊಡೆದು ನಿಂತಿತ್ತು. ಆದರೂ ಬಂತು. ಟಕ್. ಚಿಕ್ಕಪ್ಪ ತಲೆ ಎತ್ತಿದರು. ಟಕ್. ಅವರ ಕೈ ಕುಂಕುಮದ ಬಟ್ಟಲಿನಲ್ಲೇ ನಿಂತಿತು. ಅವರಿಗೂ ಕೇಳಿಸಿತ್ತು. 'ಯಾರದು' ಎಂದು ಕೇಳಲಿಲ್ಲ, 'ಏನದು' ಎಂದೂ ಕೇಳಲಿಲ್ಲ. ಜೋಡುನಳಿಗೆಯ ಕೋವಿಯನ್ನು ಎತ್ತಿ ನನ್ನ ಕಡೆ ಚಾಚಿದರು.

"ನೋಡು ಮಗ."

ಹಿಡಿದೆ. ಅದನ್ನು ಒಬ್ಬಳೇ ಎತ್ತಿ ಹಿಡಿದದ್ದು ಅದೇ ಮೊದಲು, ಅಷ್ಟು ಭಾರವಿರುತ್ತದೆಂದು ತಿಳಿದಿರಲಿಲ್ಲ. ಮೊಣಕಾಲಿಗೆ ಕೊಟ್ಟು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒತ್ತಿದೆ. ಕೀಲು ಕಿರುಗುಟ್ಟಿ ಪೂರ್ತಿ ಬಾಗಿತು. ಆ ತುದಿಯಲ್ಲಿ ಯಾರ ಕಣ್ಣಿರುತ್ತದೋ ಎಂಬ ಹೆದರಿಕೆ ಒಂಬತ್ತು ವರ್ಷದವಳಲ್ಲಿ ಇದ್ದಷ್ಟೇ ಇತ್ತು. ಆಗ ಹಂದಿಯದಾಗಿತ್ತು. ಈಗ ಅದು ಯಾರದೆಂದು ನನಗೆ ಗೊತ್ತಿತ್ತು. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಬಿಡಲಿಲ್ಲ, ತೆರೆದೇ ಇಟ್ಟೆ. ಮೊದಲು ಒಂದು ನಳಿಗೆ, ಆಮೇಲೆ ಇನ್ನೊಂದು. ಎರಡರಲ್ಲೂ ಬೆಳಕಿರಲಿಲ್ಲ.

"ಚಿಕ್ಕಪ್ಪ, ನೋಡಿದೆ," ಅಂದೆ. "ಖಾಲಿ ಇಲ್ಲ."

ಚಿಕ್ಕಪ್ಪ ತಲೆಯಾಡಿಸಿದರು. ನನ್ನ ಕೈಯಿಂದ ಕೋವಿ ತೆಗೆದುಕೊಂಡು, ಹೊಸ್ತಿಲ ಕಡೆಗಿದ್ದ ಅದರ ಬಾಯನ್ನು ಮೆಲ್ಲಗೆ ತಿರುಗಿಸಿ ಗೋಡೆಯ ಕಡೆಗೆ ಮಾಡಿ ಇಟ್ಟರು.